ಚಿನ್ನಸ್ವಾಮಿ ಅಣ್ಣನವರ ಬಸ್ಸೂ ನನ್ನ ಟೊಮೇಟೊ ತೋಟವೂ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ಆಡಳಿತ ವಿಭಾಗದ ಮುಖ್ಯಸ್ಥರೂ ಆದ ಶ್ರೀ ರಾಮಚಂದ್ರಪ್ಪನವರೇ, ರಾಯಕೋಟೆಯ ಟೊಮೇಟೊ ಮಂಡಿಯ ಗದ್ದಲದಿಂದ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳಾದ ಶ್ರೀ ಗೋಪಾಲಪ್ಪನವರೇ, ಇಂದು ನಿವೃತ್ತಿ ಹೊಂದುತ್ತಿರುವ, ನಮ್ಮ ಉದ್ದನಪಲ್ಲಿ ಮಾರ್ಗದ ಕಂಪನಿ ಬಸ್ಸಿನ ಸಾರಥಿಗಳಾದ ಚಿನ್ನಸ್ವಾಮಿ ಅಣ್ಣನವರೇ, ಅವರ ಧರ್ಮಪತ್ನಿಯವರೇ, ಭಾನುವಾರದ ನಿದ್ದೆಯನ್ನು ತ್ಯಾಗ ಮಾಡಿ ಬಂದು ಕುಳಿತಿರುವ ನನ್ನ ಸಹೋದ್ಯೋಗಿಗಳೇ, ಮತ್ತು ಒಗ್ಗರಣೆಯ ವಾಸನೆ ಬಂದಾಗಿನಿಂದ ವೇದಿಕೆಯ ಕಡೆಗೆ ಬೆನ್ನು ತಿರುಗಿಸಿರುವ ಹಿಂದಿನ ಸಾಲಿನ ಸಭಿಕರೇ, ತಮ್ಮೆಲ್ಲರಿಗೂ ಚಂದ್ರಲೇಖಾಳ ವಂದನೆಗಳು.

ನನಗೆ ಕೊಟ್ಟಿರುವ ಕಾಲ ಐದು ನಿಮಿಷ. ವಿಷಯ, ಚಿನ್ನಸ್ವಾಮಿ ಅಣ್ಣನವರ ಸೇವೆ ಮತ್ತು ವ್ಯಕ್ತಿತ್ವ. ನನಗೆ ಹಾಕಿರುವ ನಿಬಂಧನೆ ಒಂದೇ. ಕಂಪ್ಯೂಟರಿನಲ್ಲಿ ನಾನು ಆಡುವ ಒಂದು ಆಟದ ಹೆಸರನ್ನು ಈ ಮೈಕಿನ ಮುಂದೆ ಎತ್ತಕೂಡದು. ನಿಬಂಧನೆ ಹಾಕಿದವಳು ನನ್ನ ಮಗಳು ಭೂಮಿಕಾ. ಅಗೋ, ಮೂರನೆಯ ಸಾಲಿನಲ್ಲಿ ಕೂತು ಈಗಲೇ ಹಣೆಗೆ ಕೈ ಹಚ್ಚಿದ್ದಾಳೆ. ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುತ್ತಾ ಹೇಳಿದಳು, "ಅಮ್ಮಾ, ಇವತ್ತು ಒಂದು ದಿನ ಬಿಟ್ಬಿಡು. ಅವರ ಬಗ್ಗೆ ಮಾತಾಡೋಕೆ ಕರ್ದಿರೋದು, ನಿನ್ನ ಹಸು ಕರು ಹಾಕಿದ್ದು ಹೇಳೋಕಲ್ಲ." ನಾನು ಒಪ್ಪಿದೆ. ಮನಸಾರೆ ಒಪ್ಪಿದೆ. ಆದರೆ ಸಭಿಕರೇ, ನೀವೇ ಹೇಳಿ. ನಮ್ಮ ಬಸ್ಸಿನಲ್ಲಿ ಕೂತ ಯಾರಾದರೂ ಚಿನ್ನಸ್ವಾಮಿ ಅಣ್ಣನವರ ವಿಷಯ ಹೇಳುತ್ತಾ ಲಕ್ಕಿ ಏಕರ್ ವಿಷಯ ಬಿಡಲು ಸಾಧ್ಯವೇ?

ಕ್ಷಮಿಸು ಭೂಮಿಕಾ, ಹೆಸರು ಬಂದುಬಿಟ್ಟಿತು. ಇನ್ನು ಮುಚ್ಚಿ ಪ್ರಯೋಜನವಿಲ್ಲ.

ಮೊದಲು ಅಣ್ಣನವರ ವಿಷಯ. ಚಿನ್ನಸ್ವಾಮಿ ಅಣ್ಣನವರು ಉದ್ದನಪಲ್ಲಿಯವರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಮೂರರಲ್ಲಿ ಯಾವುದರಲ್ಲೂ ಅವರು ಹೆಚ್ಚು ಮಾತನಾಡಿದ್ದನ್ನು ನಾನು ಕೇಳಿಲ್ಲ. ನಾನು ಮಾಲೂರು ಕಡೆಯವಳು, ಮದುವೆಯಾಗಿ ಹೊಸೂರಿಗೆ ಬಂದು ಆಲಸನತ್ತದಲ್ಲಿ ಮನೆ ಮಾಡಿದವಳು. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಸೇರಿದ ದಿನದಿಂದಲೂ ಅವರ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. ಅವರ ನಿಯಮ ನಿಮಗೆ ಗೊತ್ತು. ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದೆ. ಕೈ ಅಡ್ಡ ಹಿಡಿದರೆ ನಿಲ್ಲುವುದಿಲ್ಲ, ಓಡಿ ಬಂದರೆ ನಿಲ್ಲುವುದಿಲ್ಲ, ಚಪ್ಪಲಿ ಬಿಟ್ಟು ಓಡಿ ಬಂದರೂ ನಿಲ್ಲುವುದಿಲ್ಲ. ಒಮ್ಮೆ ಅವರ ಸ್ವಂತ ಹೆಂಡತಿಯೇ ಟಿಫಿನ್ ಡಬ್ಬಿ ಹಿಡಿದು ರಸ್ತೆ ಪಕ್ಕ ನಿಂತು ಕೂಗಿದರು. ಬಸ್ಸು ಮುಂದೆ ಹೋಯಿತು. ಆ ದಿನ ಅಣ್ಣನವರು ಕ್ಯಾಂಟೀನಿನ ಉಪ್ಪಿಟ್ಟು ತಿಂದರು. ಅಮ್ಮಾ, ನೀವು ನಗುತ್ತಿದ್ದೀರಿ, ಅಂದು ಸಂಜೆ ನಕ್ಕಿರಲಾರಿರಿ.

ನನ್ನ ಸೀಟು ಅವರ ಬೆನ್ನ ಹಿಂದಿನದು. ತಲೆಯ ಮೇಲೆ ಒಂದು ಬೋರ್ಡು. ಚಾಲಕರೊಡನೆ ಮಾತನಾಡಬಾರದು ಎಂದು ತಮಿಳಿನಲ್ಲಿ ಬರೆದಿದೆ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ನನಗೆ ತಮಿಳು ಓದಲು ಬರುವುದಿಲ್ಲ ಎಂದು ಇಷ್ಟು ವರ್ಷವೂ ನಟಿಸಿಕೊಂಡು ಬಂದಿದ್ದೇನೆ. ಮಾತಾಡಿದ್ದೇನೆ. ಧಾರಾವಾಹಿಗಳ ಕಥೆ ಹೇಳಿದ್ದೇನೆ, ನಮ್ಮ ವಿಭಾಗದ ರಾಜಕೀಯ ಹೇಳಿದ್ದೇನೆ, ಗ್ಯಾಸ್ ಸಿಲಿಂಡರ್ ಬಾರದ್ದು ಹೇಳಿದ್ದೇನೆ. ಅದೆಲ್ಲ ಜೊಳ್ಳು. ನಿಜವಾದ ಬೆಳೆ ಶುರುವಾದದ್ದು ಈ ವರ್ಷ, ಎರಡು ಸಾವಿರದ ಒಂಬತ್ತರ ಜೂನ್ ತಿಂಗಳಲ್ಲಿ, ಭೂಮಿಕಾಳ ಕಾಲೇಜಿನ ಓದಿಗೆಂದು ಮನೆಗೆ ಕಂಪ್ಯೂಟರೂ ಬ್ರಾಡ್‌ಬ್ಯಾಂಡೂ ಬಂದ ಮೇಲೆ.

ಲಕ್ಕಿ ಏಕರ್ ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಇರಬಹುದು, ಬೇರೆ ಬಸ್ಸಿನವರು. ಅವರಿಗಾಗಿ ಎರಡು ಮಾತು. ಅದು ಇಂಟರ್‌ನೆಟ್ಟಿನಲ್ಲಿ ಬೇಸಾಯ ಮಾಡುವ ಆಟ. ಮೊದಲು ನಿಮಗೆ ಒಂದು ತುಂಡು ನೆಲ ಕೊಡುತ್ತಾರೆ. ಉಳಬೇಕು, ಬಿತ್ತಬೇಕು, ನೀರು ಕಟ್ಟಬೇಕು. ಪ್ರತಿ ಬೆಳೆಗೂ ಅದರದೇ ಹೊತ್ತು. ಕೆಲವು ಒಂದು ಸೀರಿಯಲ್ ಮುಗಿಯುವುದರೊಳಗೆ ಕೊಯ್ಲಿಗೆ ಬರುತ್ತವೆ, ಕೆಲವಕ್ಕೆ ಎರಡು ದಿನ ಬೇಕು. ಹೊತ್ತಿಗೆ ಸರಿಯಾಗಿ ಹೋಗಿ ಕೊಯ್ಯದಿದ್ದರೆ ಅಷ್ಟೂ ಬಾಡಿ ಕಂದುಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಹೊಲದವರು ಬಂದು ನಿಮ್ಮ ಗಿಡಕ್ಕೆ ಗೊಬ್ಬರ ಹಾಕಿ ಹೋಗುತ್ತಾರೆ, ನೀವು ಅವರ ಕೋಳಿಗೆ ಕಾಳು ಹಾಕಿ ಬರಬೇಕು. ನನ್ನ ಪಕ್ಕದ ಹೊಲ ಬ್ರೆಜಿಲ್ ದೇಶದ ಒಬ್ಬ ದಂತವೈದ್ಯೆಯದು. ಒಳ್ಳೆಯ ಹೆಂಗಸು. ನನ್ನ ಹಸು ಕಳೆದುಹೋದಾಗ ಹಿಡಿದು ತಂದುಕೊಟ್ಟಳು.

ಇದನ್ನೆಲ್ಲ ನಾನು ಯಾರಿಗೆ ಹೇಳಲಿ? ನಮ್ಮ ಮನೆಯವರು ಜಯರಾಮಯ್ಯನವರು ಇನ್ನೊಂದು ಕಾರ್ಖಾನೆಯಲ್ಲಿದ್ದಾರೆ. ಅವರ ಪಾಳಿ ಬೇರೆ, ನನ್ನ ಪಾಳಿ ಬೇರೆ. ನಾನು ಗೇಟು ತೆಗೆಯುವಾಗ ಅವರು ಗೇಟು ಹಾಕುತ್ತಿರುತ್ತಾರೆ. "ಸಾರು ಒಲೆ ಮೇಲಿದೆ", "ಹಾಲು ತಂದಿದ್ದೀನಿ", ಇವಿಷ್ಟೇ ನಮ್ಮ ಸಂಸಾರದ ಮಾತುಗಳು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾಳೆ. ನಾನು ದೂರುತ್ತಿಲ್ಲ, ಹೊಸೂರಿನಲ್ಲಿ ಅರ್ಧ ಮನೆಗಳು ಹೀಗೇ ನಡೆಯುವುದು. ಆದರೆ ಮಾತು ಎಂಬುದು ಎಲ್ಲಾದರೂ ಹರಿಯಲೇಬೇಕಲ್ಲ? ಅದು ಬಸ್ಸಿನಲ್ಲಿ ಹರಿಯಿತು. ಪಕ್ಕದ ಸೀಟಿನ ಚೆನ್ನಮ್ಮ ಮೊದಲ ವಾರ ಕೇಳಿದಳು, ಎರಡನೆಯ ವಾರ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು, ಮೂರನೆಯ ವಾರ ಹಿಂದಿನ ಸೀಟಿಗೆ ಹೋದಳು. ಚೆನ್ನಮ್ಮ, ನಾನು ಕೋಪ ಮಾಡಿಕೊಂಡಿಲ್ಲ. ಕೊನೆಗೆ ಉಳಿದದ್ದು ಚಿನ್ನಸ್ವಾಮಿ ಅಣ್ಣನವರ ಬೆನ್ನು. ಸ್ಟಿಯರಿಂಗ್ ಬಿಟ್ಟು ಅವರು ಎಲ್ಲಿಗೆ ಹೋದಾರು?

ಬೆಳಿಗ್ಗೆ ಹೋಗುವಾಗ ಬಿತ್ತನೆಯ ಸಮಾಚಾರ, ಸಂಜೆ ಬರುವಾಗ ಕೊಯ್ಲಿನ ಸಮಾಚಾರ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಅವರು ಕೇಳುತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಕೇಳದಿದ್ದರೂ ಸರಿ ಎಂದು ಹೇಳುತ್ತಿದ್ದೆ.

ಬಸ್ಸಿನವರು ನನ್ನನ್ನು ಆಡಿಕೊಂಡದ್ದು ಕಡಿಮೆಯಿಲ್ಲ. "ಜಮೀನ್ದಾರಿಣಿ ಬಂದ್ರು, ಜಾಗ ಬಿಡ್ರಪ್ಪಾ" ಅನ್ನುತ್ತಿದ್ದರು. "ಅಕ್ಕಾ, ಪಹಣಿ ಯಾವ ತಾಲ್ಲೂಕಲ್ಲಿ ಸಿಗ್ತದೆ?" ಎಂದು ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಆ ಆಟದಲ್ಲಿ ಹೊಲದ ಬಾಗಿಲಿಗೆ ಒಂದು ಮರದ ಹಲಗೆ ಇರುತ್ತದೆ, ಅದರ ಮೇಲೆ ಒಡೆಯರ ಹೆಸರು ಬರೆಯಬೇಕು. ಮೊದಲ ದಿನ ಭೂಮಿಕಾ "ಏನು ಬರೀಲಿ?" ಅಂದಳು. ನಾನು ನಮ್ಮ ಮನೆಯವರ ಹೆಸರು ಹೇಳಿದೆ. ರೇಷನ್ ಕಾರ್ಡು, ಮನೆಪತ್ರ, ಸ್ಕೂಟರು, ಎಲ್ಲದರ ಮೇಲೂ ಅದೇ ಇರುವುದು, ಬಾಯಿಗೆ ಅದೇ ಬಂತು. ಅವಳು "ಅಪ್ಪ ಎಲ್ಲಿ ಆಡ್ತಾರೆ, ಆಡೋದು ನೀನಲ್ವಾ" ಎಂದು ನನ್ನ ಹೆಸರು ಬರೆದಳು. ಚಂದ್ರಲೇಖಾ. ಹಸಿರು ಬಣ್ಣದಲ್ಲಿ. ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ.

ನಮ್ಮ ತಂದೆಗೆ ಹೊಲವಿತ್ತು. ರಾಗಿ, ಅವರೆ, ಬಾವಿಯ ಪಕ್ಕದಲ್ಲಿ ಒಂದಿಷ್ಟು ತರಕಾರಿ. ಟೊಮೇಟೊ ಸಸಿಗೆ ಕಡ್ಡಿ ಕಟ್ಟುವ ಕೆಲಸ ನನ್ನದೇ, ನನ್ನಷ್ಟು ಚೆನ್ನಾಗಿ ಗಂಡುಮಕ್ಕಳಿಗೆ ಬರುತ್ತಿರಲಿಲ್ಲ. ತಂದೆ ಹೋದ ಮೇಲೆ ಅಣ್ಣಂದಿರು ಭಾಗ ಮಾಡಿಕೊಂಡರು. ನನ್ನನ್ನು ಕರೆದು ಊಟ ಹಾಕಿ, ಸೀರೆ ಕೊಟ್ಟು, ಸಹಿ ಕೇಳಿದರು. ಹಾಕಿದೆ. ಎಲ್ಲರೂ ಹಾಕುತ್ತಾರೆ. ಸೀರೆ ಚೆನ್ನಾಗಿಯೇ ಇತ್ತು, ಇವತ್ತು ಉಟ್ಟಿರುವುದು ಅದನ್ನೇ. ಅದು ಬಿಡಿ, ಆ ವಿಷಯ ಯಾಕೆ ಬಂತೋ ಗೊತ್ತಿಲ್ಲ. ಚಿನ್ನಸ್ವಾಮಿ ಅಣ್ಣನವರ ವಿಷಯಕ್ಕೆ ಬರುತ್ತೇನೆ.

ಮಳೆಗಾಲದ ಒಂದು ದಿನ ಏನಾಯಿತೆಂದರೆ, ಬೆಳಿಗ್ಗೆ ಬಸ್ಸಿನಲ್ಲಿ ನಾನು ದೊಡ್ಡ ಸಂಕಟದಲ್ಲಿದ್ದೆ. ಲಕ್ಕಿ ಏಕರಿನಲ್ಲಿ ಇಡೀ ಹೊಲಕ್ಕೆ ಟೊಮೇಟೊ ಹಾಕಿಬಿಟ್ಟಿದ್ದೆ. ಮಾರನೆಯ ದಿನ ಕೊಯ್ಲು. ಅದೇ ದಿನ ನಮ್ಮ ವಿಭಾಗದಲ್ಲಿ ಆಡಿಟ್, ರಜೆ ಕೇಳುವ ಹಾಗಿಲ್ಲ. ಭೂಮಿಕಾಳಿಗೆ ಪರೀಕ್ಷೆ. ನಾನು ಅಣ್ಣನವರ ಬೆನ್ನಿಗೆ ಹೇಳಿಕೊಂಡೆ, ಸ್ವಲ್ಪ ಜೋರಾಗಿಯೇ ಹೇಳಿಕೊಂಡೆ. "ನಾಳೆ ಟೊಮೇಟೊ ಅಷ್ಟೂ ಕುಯ್ಲಿಗೆ ಬರ್ತದಣ್ಣಾ. ಕೈ ಹಾಕೋಕೆ ಮನೇಲಿ ಒಬ್ರೂ ಇಲ್ಲ. ಹೊತ್ತು ಮೀರಿದ್ರೆ ಎಲ್ಲಾ ಬಾಡೋಗ್ತದೆ. ಹೊಟ್ಟೆ ಉರೀತದೆ ನಂಗೆ."

ಇದನ್ನು ಹಿಂದಿನ ಸೀಟಿನಿಂದ ಕೇಳಿಸಿಕೊಂಡವನು ಸ್ಟೋರ್ಸ್ ವಿಭಾಗದ ತಿಮ್ಮರಾಜು. ಉದ್ದನಪಲ್ಲಿಯವನು, ಬೇಸಾಯದ ಮನೆತನದವನು, ಬಹಳ ಒಳ್ಳೆಯ ಹುಡುಗ. ಅವನು ಬೇರೆ ಪಾಳಿಯಿಂದ ಆ ವಾರವಷ್ಟೇ ನಮ್ಮ ಬಸ್ಸಿಗೆ ಬಂದಿದ್ದ. ನನ್ನ ಆಟದ ಗಂಧ ಗಾಳಿ ಅವನಿಗಿರಲಿಲ್ಲ. ನಮ್ಮ ಸೀಮೆಯಲ್ಲಿ ಇಲ್ಲದ ಬೆಳೆಯ ಮಾತನ್ನು ಯಾರಾದರೂ ಆಡುತ್ತಾರೆಯೇ? ಮಳೆ ಬಾರದ ಮಾತು ಆಡುತ್ತಾರೆ, ಬೆಲೆ ಬಿದ್ದ ಮಾತು ಆಡುತ್ತಾರೆ. ಆದರೆ ನಾಳೆ ಕೊಯ್ಲು ಎಂದರೆ ನಾಳೆ ಕೊಯ್ಲೇ. ತಿಮ್ಮರಾಜುವಿಗೆ ಕರುಳು ಚುರ್ ಎಂದಿದೆ. ಪಾಪ, ಅಕ್ಕನ ಬೆಳೆ ಹಾಳಾಗಬಾರದು ಎಂದು ಊಟದ ವೇಳೆಯಲ್ಲಿ ರಾಯಕೋಟೆಗೆ ಫೋನ್ ಮಾಡಿದ್ದಾನೆ. ಯಾರಿಗೆ? ವೇದಿಕೆಯ ಮೇಲಿರುವ ಈ ಗೋಪಾಲಪ್ಪನವರಿಗೆ. ಆಗ ತಿಮ್ಮರಾಜುವಿನ ತಂಗಿ ಕೋಮಲಾಳನ್ನು ಗೋಪಾಲಪ್ಪನವರ ಮಗ ವೆಂಕಿಗೆ ಕೇಳಿದ್ದರು. ಎರಡೂ ಕಡೆ ಮನಸ್ಸು ಕೂಡಿತ್ತು, ತಾಂಬೂಲ ಮಾತ್ರ ಆಗಿರಲಿಲ್ಲ. ಬೀಗರಾಗುವವರಿಗೂ ಒಂದು ಲೋಡು ಸಿಗಲಿ, ಅಕ್ಕನಿಗೂ ಅನುಕೂಲವಾಗಲಿ ಎಂಬುದು ಅವನ ಲೆಕ್ಕಾಚಾರ.

ಮಂಡಿಯ ಪದ್ಧತಿ ಇಲ್ಲಿ ಬಹಳ ಜನಕ್ಕೆ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಯ್ಲಿನ ಹಿಂದಿನ ಸಂಜೆ ವರ್ತಕರು ಖಾಲಿ ಕ್ರೇಟುಗಳನ್ನು ತಂದು ರೈತನ ಹತ್ತಿರ ಇಳಿಸುತ್ತಾರೆ. ಕ್ರೇಟು ಇಳಿದರೆ ಮಾತು ಮುಗಿದ ಹಾಗೆ. ಆಮೇಲೆ ಇನ್ನೊಬ್ಬ ವರ್ತಕ ಆ ಬೆಳೆ ಮುಟ್ಟುವುದಿಲ್ಲ, ರೈತ ಇನ್ನೊಬ್ಬನಿಗೆ ಕೊಡುವುದಿಲ್ಲ. ಇಳಿದ ಕ್ರೇಟು ಖಾಲಿ ವಾಪಸು ಹೋದರೆ ಅದು ಮನೆಗೂ ಮಂಡಿಗೂ ಆಗಿಬರುವುದಿಲ್ಲ ಎಂದು ನಂಬಿಕೆ. ಪತ್ರವಿಲ್ಲ, ಸಹಿಯಿಲ್ಲ, ಕ್ರೇಟೇ ಮಾತು.

ಆ ಸಂಜೆ ಬಸ್ಸು ಆಲಸನತ್ತದ ನಮ್ಮ ಸ್ಟಾಪಿಗೆ ಬಂತು. ನಮ್ಮ ಮನೆ ಸ್ಟಾಪಿನ ಎದುರಿಗೇ ಇದೆ. ಇಳಿದು ನೋಡುತ್ತೇನೆ, ಗೇಟಿನಿಂದ ಹಿಡಿದು ಪಕ್ಕದ ಮನೆಯ ತುಳಸಿ ಕಟ್ಟೆಯವರೆಗೆ ನೀಲಿ ಕ್ರೇಟುಗಳು! ಕಾಲಿಡಲು ಜಾಗವಿಲ್ಲ. ಅವುಗಳ ನಡುವೆ ಬಿಳಿ ಪಂಚೆ ಉಟ್ಟು ಗೋಪಾಲಪ್ಪನವರು ನಿಂತಿದ್ದಾರೆ.

"ಏನಮ್ಮಾ, ಚಂದ್ರಲೇಖಮ್ಮ ನೀವೇನಾ? ತೋಟ ಎಲ್ಲೈತೆ? ಹೊತ್ತು ಮುಳುಗೋಕ್ ಮುಂಚೆ ಒಂದ್ ಕಿತ ಕಣ್ಣಲ್ ನೋಡ್ಬುಟ್ಟು ಹೋಗ್ತೀನಿ" ಅಂದರು.

ಹಿಂದೆಯೇ ತಿಮ್ಮರಾಜು ಇಳಿದು ಬಂದ. "ಅಕ್ಕಾ, ನೀವು ಬೆಳಿಗ್ಗೆ ಅಂದ್ರಲ್ಲ, ಕೈ ಹಾಕೋರು ಇಲ್ಲಾಂತ. ಅದಕ್ಕೇ ನಾನೇ ಪೋನ್ ಮಾಡ್ಬುಟ್ಟೆ. ಆಳುಗಳ್ನೂ ಕರ್ಕೊಂಡ್ ಬತ್ತಾರೆ, ನೀವೇನೂ ಯೋಚ್ನೆ ಮಾಡ್ಬ್ಯಾಡಿ" ಎಂದು ಮುಖ ಅರಳಿಸಿಕೊಂಡು ನಿಂತ. ಬಸ್ಸಿನ ಕಿಟಕಿಗಳಲ್ಲಿ ಎಲ್ಲರ ತಲೆಗಳು. ಅವರಲ್ಲಿ ಒಬ್ಬರಾದರೂ ನಗು ತಡೆದುಕೊಂಡರೆ ಕೇಳಿ.

ನಾನು ಏನು ಹೇಳಲಿ? ಗೋಪಾಲಪ್ಪನವರನ್ನು ಒಳಗೆ ಕರೆದುಕೊಂಡು ಹೋದೆ. ಕಂಪ್ಯೂಟರ್ ಹಾಕಿದೆ. ತೋಟ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ಸಾಲು ಸಾಲಾಗಿ ನೋಡಿದರು. ವರ್ತಕರು ವರ್ತಕರೇ ಸಭಿಕರೇ, ಕಾಯಿ ಬಿಟ್ಟ ಗಿಡ ಕಂಡರೆ ಕಣ್ಣು ಹೋಗಿಯೇ ಹೋಗುತ್ತದೆ. "ಹಣ್ಣು ಚೆನ್ನಾಗೈತೆ. ಬಣ್ಣ ಒಂದೇ ಸಮ ಬಂದೈತೆ" ಅಂದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, "ಇದನ್ನ ಕ್ರೇಟಿಗೆ ಹೆಂಗಮ್ಮಾ ತುಂಬೋದು?" ಅಂದರು.

ಇಲ್ಲಿಯವರೆಗೆ ನಗುವ ಮಾತು. ಆಮೇಲಿನದು ನಗುವ ಮಾತಾಗಿರಲಿಲ್ಲ.

ಅದು ಮಳೆ ಕೆಟ್ಟದಾಗಿ ಹೊಡೆದ ವಾರ. ರಾಯಕೋಟೆ ಮಂಡಿಗೆ ಮಾಲೇ ಬರುತ್ತಿರಲಿಲ್ಲ. ನನ್ನ ಟೊಮೇಟೊವನ್ನು ನಂಬಿ ಗೋಪಾಲಪ್ಪನವರು ಬೆಂಗಳೂರಿನ ಒಂದು ಮದುವೆ ಅಡುಗೆಯವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಬೆಳಿಗ್ಗೆ ಗಾಡಿ ಹೊರಡಬೇಕು. ಅವರು ಹೊರಗೆ ಬಂದು ತಿಮ್ಮರಾಜುವನ್ನು ನೋಡಿದ ನೋಟ ನನಗೆ ಮರೆಯುವ ಹಾಗಿಲ್ಲ.

"ಮೂವತ್ ವರ್ಸ ಮಂಡಿ ಮಾಡಿವ್ನಿ, ಇಳ್ಸಿದ ಕ್ರೇಟು ಖಾಲಿ ಎತ್ತಿಲ್ಲ ಕಣ್ಲಾ. ನಿಮ್ಮನೆ ಮಾತು ಅಂತ ನಂಬಿ ಇಳ್ಸಿದೆ. ಇಷ್ಟೇನಾ ನಿಮ್ಮನೆ ಮಾತು? ನಾಳೆ ಹೆಣ್ಣು ಕೊಡ್ತೀವಿ ಅಂತೀರಲ್ಲ, ಆ ಮಾತೂ ಹಿಂಗೇನಾ?"

ತಿಮ್ಮರಾಜುವಿನ ಮುಖ ಸುಣ್ಣವಾಯಿತು. ಗೋಪಾಲಪ್ಪನವರು ಇಷ್ಟೇ ಹೇಳಿದರು: "ಕ್ರೇಟು ಇಲ್ಲೇ ಇರ್ತವೆ. ಬೆಳಿಗ್ಗೆ ಗಾಡಿ ಬತ್ತದೆ. ತುಂಬಿದ್ರೆ ಎತ್ಕೊಂಡ್ ಹೋಗ್ತೀನಿ. ಇಲ್ಲಾಂದ್ರೆ ಕ್ರೇಟೂ ನಿಮ್ಗೇ, ಹುಡುಗೀನೂ ನಿಮ್ಗೇ." ಗೋಪಾಲಪ್ಪನವರೇ, ತಲೆ ತಗ್ಗಿಸಬೇಡಿ. ನೀವು ಅಂದದ್ದರಲ್ಲಿ ತಪ್ಪಿರಲಿಲ್ಲ. ನಿಮ್ಮ ಹೆಸರು ಹೋಗುತ್ತಿತ್ತು.

ಅಧ್ಯಕ್ಷರು ಯಾಕೋ ಬಹಳ ಹೊತ್ತಿನಿಂದ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಾರೆ. ಸ್ವಲ್ಪ ತಾಳಿ ಸಾರ್, ನಿಮ್ಮ ಹತ್ತಿರಕ್ಕೇ ಬರುತ್ತಿದ್ದೇನೆ.

ಕೋಮಲಾಳನ್ನು ನಾನು ಆಗ ನೋಡಿರಲಿಲ್ಲ. ಆದರೆ ನನ್ನ ಬಾಯಿಯಿಂದ ಒಂದು ಹೆಣ್ಣಿನ ಮದುವೆ ಮುರಿಯುತ್ತದೆಯಲ್ಲ ಎಂದು ಕ್ರೇಟಿನ ಮೇಲೆಯೇ ಕುಳಿತೆ. ಆಗ ಗಮನಿಸಿದೆ, ಬಸ್ಸು ಇನ್ನೂ ಹೊರಟಿರಲಿಲ್ಲ. ಹೆಂಡತಿಯ ಟಿಫಿನ್ ಡಬ್ಬಿಗೆ ನಿಲ್ಲದ ಬಸ್ಸು! ಚಿನ್ನಸ್ವಾಮಿ ಅಣ್ಣನವರು ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು. ತಿಮ್ಮರಾಜು ಹತ್ತಿದ ಮೇಲೆ ಬಾಗಿಲು ಹಾಕಿಸಿದರು. ಹೋಗಿಬಿಟ್ಟರು.

ಬಸ್ಸಿನೊಳಗೆ ಏನಾಯಿತೆಂದು ನನಗೆ ಆಮೇಲೆ ಹೇಳಿದವಳು ಚೆನ್ನಮ್ಮ. ಸ್ವಲ್ಪ ದೂರ ಹೋದ ಮೇಲೆ ಅಣ್ಣನವರು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹಿಂದಕ್ಕೆ ತಿರುಗಿದರಂತೆ. ಅವರು ಹಿಂದಕ್ಕೆ ತಿರುಗಿದ್ದನ್ನು ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲವಂತೆ. "ಯಾರ್ ಯಾರ್ ಮನೇಲಿ ತಕ್ಕಾಳಿ ಗಿಡ ಇದೆ?" ಎಂದು ಕೇಳಿದರಂತೆ. ತಕ್ಕಾಳಿ ಎಂದರೆ ನಮ್ಮ ಟೊಮೇಟೊ. ಯಾರಿಗೂ ದೊಡ್ಡ ಬೆಳೆ ಇರಲಿಲ್ಲ, ಮಳೆಯಲ್ಲಿ ಹೋಗಿತ್ತು. ಆದರೆ ಒಬ್ಬರಿಗೆ ಬದುವಿನ ಮೇಲೆ ಒಂದು ಸಾಲು, ಇನ್ನೊಬ್ಬರಿಗೆ ಬಚ್ಚಲು ನೀರಿಗೆ ಹಾಕಿದ ಒಂದಿಷ್ಟು, ಮತ್ತೊಬ್ಬರಿಗೆ ರಾಗಿಯ ನಡುವೆ ತಾನೇ ಹುಟ್ಟಿದ್ದು. ವರ್ತಕರು ಬಂದು ನೋಡುವಷ್ಟು ಯಾರಲ್ಲೂ ಇಲ್ಲ, ಸಾರಿಗೆ ಸಾಕಾಗುವಷ್ಟು ಎಲ್ಲರಲ್ಲೂ ಇದೆ. "ಬೆಳಿಗ್ಗೆ ಬಸ್ ಎಲ್ಲರ ಬಾಗಿಲ್ಗೂ ಬರ್ತದೆ. ಕುಯ್ದು ಇಟ್ಕೊಂಡ್ ನಿಲ್ಲಿ" ಅಂದು ಮತ್ತೆ ಮುಂದಕ್ಕೆ ತಿರುಗಿದರಂತೆ.

ಮಾರನೆಯ ಬೆಳಿಗ್ಗೆ ಬಸ್ಸಿನ ಹೊತ್ತಾಯಿತು, ಬಸ್ಸಿಲ್ಲ. ಗೋಪಾಲಪ್ಪನವರ ಗಾಡಿ ಬಂದು ನಿಂತಿತು, ಅವರೂ ಬಂದರು, ಬಸ್ಸಿಲ್ಲ. ನಾನು ಗೇಟಿಗೂ ರಸ್ತೆಗೂ ಓಡಾಡುತ್ತಿದ್ದೆ. ಚಿನ್ನಸ್ವಾಮಿ ಅಣ್ಣನವರ ಬಸ್ಸು ತಡವಾಗಿ ಬರುವುದೆಂದರೆ ಏನು? ಅಪಘಾತವೇ ಆಗಿರಬೇಕು ಎಂದುಕೊಂಡೆ. ಕೊನೆಗೆ ರಾಯಕೋಟೆ ರಸ್ತೆಯ ತಿರುವಿನಲ್ಲಿ ನಮ್ಮ ಬಸ್ಸು ಕಾಣಿಸಿತು. ಸೀಟುಗಳ ಮೇಲೆ ಗೋಣಿಚೀಲಗಳು, ಮನುಷ್ಯರು ನಿಂತಿದ್ದಾರೆ! ಸಮವಸ್ತ್ರದ ಮಡಿಲಲ್ಲಿ ಟೊಮೇಟೊ, ಹೆಲ್ಮೆಟ್ಟಿನಲ್ಲಿ ಟೊಮೇಟೊ, ಚೆನ್ನಮ್ಮನ ಊಟದ ಬ್ಯಾಗಿನಲ್ಲಿ ಟೊಮೇಟೊ. ನನ್ನ ಮಾತು ಕೇಳಲಾರದೆ ಹಿಂದಿನ ಸೀಟಿಗೆ ಹೋಗಿದ್ದ ಚೆನ್ನಮ್ಮ ಎಲ್ಲರಿಗಿಂತ ಮೊದಲು ಇಳಿದು, "ತಗೋಮ್ಮಾ ಜಮೀನ್ದಾರಿಣಿ, ನಿನ್ನ ಕುಯ್ಲು" ಎಂದು ಕ್ರೇಟಿಗೆ ಸುರಿದಳು. ನನಗೆ ಅಳು ಬಂದುಬಿಟ್ಟಿತು. ಈಗಲೂ ಬರುತ್ತಿದೆ, ಒಂದು ನಿಮಿಷ.

ಅಣ್ಣನವರು ತಾವೇ ಇಳಿದು ಚೀಲಗಳನ್ನು ಹೊತ್ತರು. ತಿಮ್ಮರಾಜು ಓಡಿ ಓಡಿ ತುಂಬಿದ. ಗೋಪಾಲಪ್ಪನವರು ಕೈಕಟ್ಟಿ ನಿಂತು ಗೊಣಗಿದರು. "ನಾಟಿಯೂ ಐತೆ, ಹೈಬ್ರಿಡ್ಡೂ ಐತೆ, ಕಾಯೂ ಐತೆ ಹಣ್ಣೂ ಐತೆ. ಇದೇನ್ ಲೋಡೋ, ಜಾತ್ರೆಯೋ." ಎಲ್ಲ ತುಂಬಿಯೂ ಕೊನೆಯ ಕ್ರೇಟು ಅರ್ಧಕ್ಕೆ ನಿಂತಿತು. ಆಗ ನಮ್ಮ ಬೀದಿಯ ಹೆಂಗಸರು ತಮ್ಮ ತಮ್ಮ ಫ್ರಿಜ್ಜು ತೆಗೆದು ಇದ್ದಬದ್ದದ್ದನ್ನು ತಂದು ಹಾಕಿದರು. ಗೋಪಾಲಪ್ಪನವರು ಮೇಲಿನ ಒಂದು ಹಣ್ಣನ್ನು ಕೈಗೆ ತೆಗೆದುಕೊಂಡು ಬೆಚ್ಚಿಬಿದ್ದರು. "ಇದ್ಯಾವ ತೋಟದ್ದಮ್ಮಾ, ಇಷ್ಟು ತಣ್ಣಗೈತೆ?"

ಆಮೇಲೆ ಅವರೇ ಜೋರಾಗಿ ನಕ್ಕರು. ಅವರು ನಕ್ಕಮೇಲೆ ತಿಮ್ಮರಾಜು ಉಸಿರು ಬಿಟ್ಟ. "ಎತ್ರಪ್ಪಾ ಗಾಡಿಗೆ" ಎಂದು ಆಳುಗಳಿಗೆ ಹೇಳಿ, ತಿಮ್ಮರಾಜುವಿನ ಹೆಗಲ ಮೇಲೆ ಕೈಯಿಟ್ಟು, "ಲಾ, ಮುಂದಿನ ಸುಕ್ರವಾರ ತಾಂಬೂಲ ಇಟ್ಕೊಳನಾ ಅಂತ ನಿಮ್ಮಪ್ಪಂಗೆ ಹೇಳ್ಲಾ. ಒಂದು ಬಸ್ ಜನ ಎದ್ದು ಬರೋ ಮನೆ, ಬುಡೋಕಾಗ್ತದಾ" ಅಂದರು. ಕಾರ್ತಿಕ ಮಾಸದಲ್ಲಿ ಮದುವೆಯಾಯಿತು. ಅಗೋ ಕೋಮಲಾ, ವೆಂಕಿಯ ಪಕ್ಕದಲ್ಲಿ ಕೂತಿದ್ದಾಳೆ. ಎದ್ದು ನಿಲ್ಲಮ್ಮ, ಎಲ್ಲರೂ ನೋಡಲಿ. ಸಾಕು, ಕೂತುಕೋ, ನಾಚಬೇಡ.

ಭೂಮಿಕಾ, ಗಡಿಯಾರ ತೋರಿಸಬೇಡ. ಐದು ನಿಮಿಷ ಮುಗಿದು ಬಹಳ ಹೊತ್ತಾಯಿತು ಎಂದು ನನಗೂ ಗೊತ್ತು. ಒಂದೇ ಒಂದು ಸಂಗತಿ ಉಳಿದಿದೆ, ಅದನ್ನು ಹೇಳಲೆಂದೇ ನಾನು ಇವತ್ತು ಈ ಮೈಕಿನ ಮುಂದೆ ಬಂದದ್ದು.

ಆ ದಿನ ಇಡೀ ಪಾಳಿ ತಡವಾಗಿ ಕಾರ್ಖಾನೆಗೆ ಹೋಯಿತು. ಆಡಿಟ್ಟಿನ ದಿನ. ಅಧ್ಯಕ್ಷರಾದ ರಾಮಚಂದ್ರಪ್ಪ ಸಾರ್ ಅವರು ಗೇಟಿನಲ್ಲೇ ನಿಂತಿದ್ದರು, ಮುಖ ಕೆಂಪಗಾಗಿತ್ತು. ಅಣ್ಣನವರನ್ನು ಕೋಣೆಗೆ ಕರೆಸಿದರು. ನಾನು ಹೊರಗೆ ಬಾಗಿಲ ಪಕ್ಕದಲ್ಲಿ ನಿಂತೆ. ಎಲ್ಲ ನನ್ನಿಂದ ಆದದ್ದು ಎಂದು ಹೇಳಿಬಿಡೋಣ ಎಂದು ಬಾಗಿಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಒಳಗಿನ ಮಾತು ಕೇಳಿಸಿತು. "ಇಷ್ಟು ವರ್ಷದಲ್ಲಿ ಒಂದು ದಿನ ಲೇಟ್ ಮಾಡಿದವರಲ್ಲ ನೀವು. ಏನಾಯ್ತು ಚಿನ್ನಸ್ವಾಮಿ?" ಎಂದು ಸಾರ್ ಕೇಳಿದರು. ಅಣ್ಣನವರು ಹೇಳಿದರು, "ಚಂದ್ರಲೇಖಮ್ಮ ಅವರ ತ್ವಾಟದಲ್ಲಿ ತಕ್ಕಾಳಿ ಕುಯ್ಲು ಸಾರ್. ಆಳು ಸಿಕ್ಕಿಲ್ಲ. ಬಾಡೋಗ್ತಿತ್ತು. ಎಲ್ಲರೂ ಕೈ ಹಾಕಿದ್ವಿ."

ಸಾರ್ ಬೇಸಾಯದ ಮನೆಯವರು. "ಹೋಗ್ಲಿ ಬಿಡಿ, ಬೆಳೆ ಅಂದ್ಮೇಲೆ ಏನು ಮಾಡೋಕಾಗುತ್ತೆ" ಅಂದರು. ಮೆಮೊ ಇಲ್ಲ, ಏನೂ ಇಲ್ಲ.

ಅಣ್ಣನವರು ಹೊರಗೆ ಬಂದಾಗ ನಾನು ಕೇಳಿದೆ, "ಅಣ್ಣಾ, ನೀವು ಯಾವತ್ತೂ ಸುಳ್ಳು ಹೇಳೋರಲ್ಲ. ನನ್ನಿಂದ ಸುಳ್ಳು ಹೇಳೋ ಹಾಗಾಯ್ತಲ್ಲ." ಅವರು ನಿಂತರು. ನನ್ನ ಮುಖ ನೋಡಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಹೇಳಿದರು, "ಸುಳ್ಳಾ? ಯಾವ್ದಮ್ಮಾ ಸುಳ್ಳು? ನೀವು ಉತ್ತಿದ್ದು ಕೇಳಿದೆ, ಬಿತ್ತಿದ್ದು ಕೇಳಿದೆ. ಆಡಿ ಮಾಸದಲ್ಲಿ, ನಿಮ್ಮ ಆಷಾಢದಲ್ಲಿ, ಗೋಧಿ ಬಾಡೋಯ್ತು ಅಂತ ಅತ್ತಿದ್ದೂ ಕೇಳಿದೆ. ದಿನಾ ಕೇಳ್ತೀನಲ್ಲ. ತ್ವಾಟ ನಿಮ್ದೇ ತಾನೇ?"

ತೋಟ ನಿಮ್ಮದೇ ತಾನೇ. ಸಭಿಕರೇ, ನನ್ನ ಇಷ್ಟು ವರ್ಷದ ಬದುಕಿನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ತಂದೆ ಹೇಳಿರಲಿಲ್ಲ, ಅಣ್ಣಂದಿರು ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಆ ದಿನ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತು ಇಡೀ ದಿನ ನಾನು ಸುಮ್ಮನಿದ್ದೆ. ನಮ್ಮ ವಿಭಾಗದವರು ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದರು.

ಅಧ್ಯಕ್ಷರೇ, ಅಂದಿನಿಂದ ಗೇಟಿನಲ್ಲಿ ಎದುರಾದಾಗಲೆಲ್ಲ ನೀವು ನಿಂತು, "ಏನಮ್ಮಾ, ತೋಟ ಹೇಗಿದೆ?" ಎಂದು ಕೇಳುತ್ತೀರಿ. ನಾನು "ಚೆನ್ನಾಗಿದೆ ಸಾರ್" ಎನ್ನುತ್ತೇನೆ. ಒಂದು ಸಲ ಎಲೆ ಮುರುಟು ರೋಗಕ್ಕೆ ಯಾವ ಔಷಧ ಹೊಡೆಯಬೇಕೆಂದು ಕೂಡ ಹೇಳಿಕೊಟ್ಟಿರಿ. ನನ್ನ ತೋಟ ಎಂಥದ್ದೆಂದು ಈಗ ನಿಮಗೆ ಗೊತ್ತಾಯಿತು. ಭೂಮಿಕಾ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದರೆ ಗೊತ್ತಾಗುತ್ತಿರಲಿಲ್ಲ. ಬೇಕಾದರೆ ಆ ತಡದ ಮೆಮೊ ಈಗ ನನಗೆ ಕೊಡಿ, ಸಂತೋಷವಾಗಿ ತೆಗೆದುಕೊಳ್ಳುತ್ತೇನೆ. ಅಣ್ಣನವರ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದಷ್ಟೇ ನಾನು ಹೇಳಬೇಕಾಗಿದ್ದದ್ದು. ಮತ್ತು ಒಂದು ಬೇಡಿಕೆ ಇದೆ ಸಾರ್. ನಾಳೆ ಸೋಮವಾರ. ಬಸ್ಸಿನಲ್ಲಿ ಬೇರೆ ಡ್ರೈವರ್ ಇರುತ್ತಾರೆ, ಅವರಿಗೆ ನನ್ನ ಹೊಲ ಗೊತ್ತಿಲ್ಲ. ನೀವು ಗೇಟಿನಲ್ಲಿ ಸಿಕ್ಕಾಗ, ದಯವಿಟ್ಟು, ಕೇಳುವುದನ್ನು ನಿಲ್ಲಿಸಬೇಡಿ.

ಚಿನ್ನಸ್ವಾಮಿ ಅಣ್ಣಾ, ನಿಮ್ಮ ಬೆನ್ನಿಗೆ ಇಷ್ಟು ದಿನ ಮಾತಾಡಿದೆ, ಇವತ್ತು ಮುಖ ನೋಡಿ ಮಾತಾಡಲು ಅವಕಾಶ ಸಿಕ್ಕಿತು. ನಿಮಗೆ ಕೈಮುಗಿಯುತ್ತೇನೆ. ನನ್ನನ್ನು ಸಹಿಸಿಕೊಂಡ ಬಸ್ಸಿನವರಿಗೂ, ಇವತ್ತಿನ ಸಾರಿಗೆ ಟೊಮೇಟೊ ಕಳಿಸಿದ ಗೋಪಾಲಪ್ಪನವರಿಗೂ, ಹಸಿವಿನಲ್ಲೂ ಎದ್ದು ಹೋಗದ ನಿಮ್ಮೆಲ್ಲರಿಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.